ಇಡೀ ಮಡಕೆ ಬೇಕೆಂದರೆ ಗೋರಿ ಅಗೆಯಲೇಬೇಕು

2024ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಸರ್ಕಾರ ಕಳುವಾಗಿದ್ದ 297 ಪ್ರಾಚೀನ ವಸ್ತುಗಳನ್ನು ಭಾರತಕ್ಕೆ ಒಪ್ಪಿಸಿತು. ಪತ್ರಿಕೆಗಳಲ್ಲಿ ಫೋಟೋ ಬಂದದ್ದು ಕಲ್ಲಿನ ಅಪ್ಸರೆಯದು, ಕಂಚಿನ ವಿಗ್ರಹಗಳದು. ಆದರೆ ಆ ರಾಶಿಯಲ್ಲಿ ಜಾಸ್ತಿ ಇದ್ದದ್ದು ಪೂರ್ವ ಭಾರತದ ಸುಟ್ಟಮಣ್ಣಿನ ವಸ್ತುಗಳು. ಅವುಗಳ ಬಗ್ಗೆ ಹೆಚ್ಚು ಮಾತು ಕೇಳಲಿಲ್ಲ. ಮಣ್ಣಿನದು ತಾನೇ ಅಂತ ಇರಬಹುದು.

ವಾಪಸ್ ಬಂತಲ್ಲ, ಖುಷಿಪಡೋಣ ಅನ್ನಿಸುತ್ತದೆ, ನಿಜ. ಆದರೆ ಎಲ್ಲಿಗೆ ವಾಪಸ್?

ದೇವಸ್ಥಾನದಿಂದ ಹೋದ ವಿಗ್ರಹಕ್ಕೆ ಊರಿದೆ. ತಮಿಳುನಾಡಿನ ಶ್ರೀಪುರಂತಾನ್ ಎಂಬ ಹಳ್ಳಿಯ ನಟರಾಜನ ಕತೆ ನೋಡಿ. ಹಳೆಯ ಗುಡಿಯಿಂದ ಕದ್ದು ನ್ಯೂಯಾರ್ಕಿಗೆ ಸಾಗಿಸಿದರು. ಸುಭಾಷ್ ಕಪೂರ್ ಎಂಬ ವ್ಯಾಪಾರಿ 2008ರಲ್ಲಿ ಅದನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ ಸುಮಾರು 50 ಲಕ್ಷ ಡಾಲರಿಗೆ ಮಾರಿದ. ಸಿಕ್ಕಿಬಿದ್ದದ್ದು ಹೇಗೆ? ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಅದೇ ವಿಗ್ರಹದ ಫೋಟೋವನ್ನು ಗುಡಿಯಲ್ಲಿದ್ದಾಗಲೇ ತೆಗೆದಿಟ್ಟಿದ್ದರು. ಎರಡು ಫೋಟೋ ಪಕ್ಕಪಕ್ಕ ಇಟ್ಟ ಮೇಲೆ ವಾದ ಮಾಡೋಕೆ ಏನೂ ಉಳಿಯಲಿಲ್ಲ. 2014ರಲ್ಲಿ ನಟರಾಜ ಭಾರತಕ್ಕೆ ಬಂದ. ಕಪೂರ್‌ಗೆ 2022ರಲ್ಲಿ ಕುಂಭಕೋಣಂನ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ ಕೊಟ್ಟಿತು.

ನೆಲದೊಳಗಿದ್ದ ಮಡಕೆಗೆ, ಗೊಂಬೆಗೆ ಇಂಥ ಫೋಟೋ ಇರೋಕೆ ಸಾಧ್ಯವೇ ಇಲ್ಲ. ಅದನ್ನು ಮೊದಲು ಕಂಡವನೇ ಅದನ್ನು ಕದ್ದವನು. ಪಶ್ಚಿಮ ಬಂಗಾಳದ ಚಂದ್ರಕೇತುಗಢದಲ್ಲಿ ಎರಡು ಸಾವಿರ ವರ್ಷ ಹಳೆಯ ಸುಟ್ಟಮಣ್ಣಿನ ಗೊಂಬೆಗಳು ಸಿಗುತ್ತವೆ. ಕೂದಲಿಗೆ ಸಿಕ್ಕಿಸಿದ ಪಿನ್ನುಗಳನ್ನೂ ಸೊಂಟದ ಪಟ್ಟಿಯ ಮಣಿಗಳನ್ನೂ ಒಂದೊಂದಾಗಿ ಎಣಿಸಬಹುದಾದಷ್ಟು ನಾಜೂಕು. ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ್ ಮ್ಯೂಸಿಯಂ 1956ರಿಂದ ಹತ್ತು ವರ್ಷ ಅಲ್ಲಿ ಉತ್ಖನನ ಮಾಡಿತು. ಆದರೆ ಇವತ್ತು ಜಗತ್ತಿನ ಮ್ಯೂಸಿಯಂಗಳಲ್ಲಿ, ಖಾಸಗಿ ಮನೆಗಳಲ್ಲಿ ಇರುವ ಚಂದ್ರಕೇತುಗಢದ ಗೊಂಬೆಗಳು ಬಹುಪಾಲು ಆ ಉತ್ಖನನದವಲ್ಲ. ಯಾರದೋ ಹೊಲದಲ್ಲಿ, ಯಾರದೋ ಕೆರೆ ತೋಡುವಾಗ, ಯಾರೋ ರಾತ್ರಿ ಅಗೆದು ತೆಗೆದವು. ಆ ಗೊಂಬೆ ಮನೆಯಲ್ಲಿತ್ತೋ, ಗುಡಿಯಲ್ಲಿತ್ತೋ, ಕುಂಬಾರನ ಭಟ್ಟಿಯ ಪಕ್ಕ ಬಿದ್ದಿತ್ತೋ, ಈಗ ಯಾರೂ ಹೇಳಲಾರರು. ವಿಮಾನ ಹತ್ತಿಸಿ ಕಳಿಸಿದರೂ ಅದು ಬಂದು ಸೇರುವುದು ಉಗ್ರಾಣಕ್ಕೇ.

ಪ್ರಾಚೀನ ಮಡಕೆ, ಗೊಂಬೆ ಸಂಗ್ರಹಿಸುವ ಹವ್ಯಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಸಲಿ-ನಕಲಿ ವಿಷಯ ಎತ್ತಿಕೊಳ್ಳುತ್ತಾರೆ. ನನ್ನ ತಕರಾರು ಬೇರೆ.

ಸುಮ್ನೆ ಯೋಚಿಸಿ ನೋಡಿ. ನಿಮ್ಮಜ್ಜಿಯ ಕಾಲದ ಮಣ್ಣಿನ ಗಡಿಗೆ ಒಂದಾದರೂ ಇಡಿಯಾಗಿ ಉಳಿದಿದೆಯಾ? ದಿನಾ ಬಳಸುವ ಮಡಕೆ ಒಡೆದೇ ಒಡೆಯುತ್ತದೆ. ಊರಿದ್ದ ಜಾಗವನ್ನು ಅಗೆದರೆ ಸಿಗುವುದು ಬುಟ್ಟಿಗಟ್ಟಲೆ ಬೋಕಿ, ಬರೀ ಚೂರು. ಎರಡು ಸಾವಿರ ವರ್ಷದ ಮಡಕೆ ಇಡಿಯಾಗಿ ಉಳಿಯಬೇಕೆಂದರೆ ಯಾರೋ ಅದನ್ನು ಬಳಸದೆ, ಜೋಪಾನವಾಗಿ, ಮುಚ್ಚಿದ ಜಾಗದಲ್ಲಿ ಇಟ್ಟಿರಬೇಕು. ಅಂದರೆ ಹೆಚ್ಚಿನ ಸಲ ಸತ್ತವರ ಜೊತೆಗೆ. ನಮ್ಮ ದಕ್ಷಿಣದ ಬೃಹತ್ ಶಿಲಾಗೋರಿಗಳಲ್ಲೂ ಹೀಗೇ. ಒಳಗೂ ಬಾಯಿಯ ಸುತ್ತಲೂ ಕಪ್ಪು, ಹೊರಗೆ ಕೆಳಭಾಗ ಕೆಂಪು ಇರುವ ಮಡಕೆಗಳನ್ನು ಹೆಣದ ಜೊತೆ ಇಡುತ್ತಿದ್ದರು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಕಡೆ ಕಪ್ಪಾಗಿ, ಗಾಳಿ ತಾಗಿದ ಕಡೆ ಕೆಂಪಾಗುತ್ತದೆ ಎಂಬುದು ಸಾಮಾನ್ಯ ವಿವರಣೆ. ಗ್ರೀಸಿನ ಚಂದದ ಹೂಜಿಗಳೂ ಅಷ್ಟೇ. ಅಥೆನ್ಸಿನ ಕುಂಬಾರರು ಮಾಡಿದ ಹೂಜಿಗಳಲ್ಲಿ ಇವತ್ತು ಇಡಿಯಾಗಿ ಉಳಿದವುಗಳಲ್ಲಿ ಬಹಳಷ್ಟು ಸಿಕ್ಕಿದ್ದು ಗ್ರೀಸಿನಲ್ಲೂ ಅಲ್ಲ, ಇಟಲಿಯಲ್ಲಿ. ಅಲ್ಲಿನ ಎಟ್ರಸ್ಕನ್ ಜನ ಅವನ್ನು ಕೊಂಡು ತಂದು ತಮ್ಮ ಗೋರಿಗಳಲ್ಲಿ ಇಡುತ್ತಿದ್ದರು.

ಹಾಗಾಗಿ 'ಇಡೀ ಮಡಕೆ ಬೇಕು, ಬಿರುಕು ಇರಬಾರದು' ಎಂದು ಹುಡುಕುವವನು ತಿಳಿದೋ ತಿಳಿಯದೆಯೋ ಒಂದು ಗೋರಿಗೆ ಆರ್ಡರ್ ಕೊಟ್ಟಿರುತ್ತಾನೆ.

ಈ ವ್ಯವಹಾರ ಹೇಗೆ ನಡೆಯುತ್ತದೆ ಅನ್ನೋದಕ್ಕೆ ಯೂಫ್ರೋನಿಯಸ್‌ನ ಹೂಜಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕ್ರಿ.ಪೂ. 515ರ ಸುಮಾರಿಗೆ ಅಥೆನ್ಸಿನಲ್ಲಿ ಯೂಕ್ಸಿಥಿಯಸ್ ಎಂಬ ಕುಂಬಾರ ಅದನ್ನು ಮಾಡಿದ, ಯೂಫ್ರೋನಿಯಸ್ ಚಿತ್ರ ಬರೆದ, ಇಬ್ಬರೂ ಹೆಸರು ಹಾಕಿದರು. ದ್ರಾಕ್ಷಾರಸಕ್ಕೆ ನೀರು ಬೆರೆಸಲು ಬಳಸುವ ಅಗಲ ಬಾಯಿಯ ಪಾತ್ರೆ ಅದು, ಸುಮಾರು 45 ಲೀಟರ್ ಹಿಡಿಯುತ್ತದೆ. ಅದರ ಮೇಲೆ ಗ್ರೀಕ್ ಪುರಾಣದ ಟ್ರಾಯ್ ಯುದ್ಧದಲ್ಲಿ ಸತ್ತ ಸಾರ್ಪೆಡಾನ್ ಎಂಬ ವೀರ. ಗಾಯಗಳಿಂದ ರಕ್ತ ಇಳಿಯುತ್ತಿದೆ. ನಿದ್ದೆಯ ದೇವರೂ ಸಾವಿನ ದೇವರೂ ಆ ಭಾರಿ ದೇಹವನ್ನು ಎರಡು ಕಡೆಯಿಂದ ಎತ್ತುತ್ತಿದ್ದಾರೆ. ಕಲೆ ಅಂದರೆ ಕಲೆ, ಅದರಲ್ಲಿ ಎರಡು ಮಾತಿಲ್ಲ.

1972ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಇದನ್ನು ಹತ್ತು ಲಕ್ಷ ಡಾಲರಿಗೆ ಕೊಂಡಿತು. ಒಂದು ಹೂಜಿಗೆ ಅಷ್ಟು ಹಣ ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ. ಮಾರಿದವನು ರಾಬರ್ಟ್ ಹೆಕ್ಟ್ ಎಂಬ ಅಮೆರಿಕನ್ ವ್ಯಾಪಾರಿ. ಎಲ್ಲಿಂದ ಬಂತು ಅಂತ ಕೇಳಿದರೆ ಲೆಬನಾನಿನ ವ್ಯಾಪಾರಿಯೊಬ್ಬರ ಕುಟುಂಬದಲ್ಲಿ ದಶಕಗಳಿಂದ ಇತ್ತು ಎಂದರು. ಅದಕ್ಕೊಂದು ಪತ್ರವನ್ನೂ ತೋರಿಸಿದರು. ಇಟಲಿಯವರು ಆಗಲೇ ನಕ್ಕರು. ರೋಮ್‌ನಿಂದ ಸ್ವಲ್ಪ ದೂರದ ಚೆರ್ವೆಟೆರಿಯಲ್ಲಿ 1971ರ ಡಿಸೆಂಬರಿನಲ್ಲಿ ಕಳ್ಳರು ಒಂದು ಗೋರಿ ಅಗೆದಿದ್ದರು ಎಂಬ ಮಾತು ಆ ಕಡೆ ಹರಡಿತ್ತು. ಆದರೆ ಸಾಬೀತು ಮಾಡೋದು ಹೇಗೆ?

ಸಾಬೀತಾಗಲು ಮೂವತ್ತು ವರ್ಷ ಬೇಕಾಯಿತು. 1995ರಲ್ಲಿ ಜಿನೀವಾದ ತೆರಿಗೆರಹಿತ ಗೋದಾಮಿನಲ್ಲಿ ಜಿಯಾಕೊಮೊ ಮೆಡಿಚಿ ಎಂಬ ದಲ್ಲಾಳಿಯ ಕೋಣೆಗಳನ್ನು ಪೊಲೀಸರು ಒಡೆದು ನೋಡಿದರು. ಒಳಗೆ ಸಾವಿರಾರು ಪ್ರಾಚೀನ ವಸ್ತುಗಳು, ಸಾವಿರಾರು ಫೋಟೋಗಳು. ಬಹಳಷ್ಟು ಪೋಲರಾಯ್ಡ್ ಫೋಟೋಗಳು, ಅಂದರೆ ತೆಗೆದ ಕೂಡಲೇ ಕ್ಯಾಮೆರಾದಿಂದಲೇ ಹೊರಬರುವಂಥವು. ಕಳ್ಳರಿಗೆ ಪೋಲರಾಯ್ಡ್ ಯಾಕೆ ಇಷ್ಟ ಗೊತ್ತಾ? ರೀಲು ತೊಳೆಸಲು ಸ್ಟುಡಿಯೋಗೆ ಕೊಡಬೇಕಿಲ್ಲ, ಮೂರನೆಯವರ ಕಣ್ಣಿಗೆ ಬೀಳುವುದಿಲ್ಲ. ಫೋಟೋಗಳಲ್ಲಿ ಹೂಜಿಗಳು ಇನ್ನೂ ಮಣ್ಣು ಮೆತ್ತಿಕೊಂಡು, ಚೂರುಚೂರಾಗಿ, ಆಗತಾನೇ ನೆಲದಿಂದ ಎದ್ದಂತೆ ಬಿದ್ದಿದ್ದವು. ಮುಂದಿನ ಫೋಟೋಗಳಲ್ಲಿ ಅದೇ ಹೂಜಿ ತೊಳೆದು, ಅಂಟಿಸಿ, ಥಳಥಳ. ಕೆಲವು ಫೋಟೋಗಳಲ್ಲಿ ಅದೇ ವಸ್ತು ದೊಡ್ಡ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ. ತನಿಖೆ ಮಾಡಿದವರು ಇನ್ನೊಂದು ಜಾಣತನ ತೋರಿಸಿದರು. ಆ ಪೋಲರಾಯ್ಡ್‌ಗಳಲ್ಲಿ ಹಲವು ಎಸ್‌ಎಕ್ಸ್-70 ಎಂಬ ಮಾದರಿಯ ಕ್ಯಾಮೆರಾದವು. ಅದು ಮಾರುಕಟ್ಟೆಗೆ ಬಂದದ್ದೇ 1972ರಲ್ಲಿ. ಮಣ್ಣು ಮೆತ್ತಿದ ಹೂಜಿ ಆ ಫೋಟೋದಲ್ಲಿದ್ದರೆ 'ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿತ್ತು' ಎಂಬ ಮಾತು ಅಲ್ಲೇ ಬಿದ್ದುಹೋಗುತ್ತದೆ.

2001ರಲ್ಲಿ ಹೆಕ್ಟ್‌ನ ಪ್ಯಾರಿಸ್ ಮನೆಯಲ್ಲಿ ಅವನೇ ಕೈಯಿಂದ ಬರೆದ ನೆನಪುಗಳ ಹಸ್ತಪ್ರತಿ ಸಿಕ್ಕಿತು. ಅದರಲ್ಲಿ ಹೂಜಿ ಮೆಡಿಚಿಯಿಂದ ಬಂತು ಎಂದೂ ಇತ್ತು, ಲೆಬನಾನಿನ ಕತೆಯೂ ಇತ್ತು. ಎರಡೂ ಒಂದೇ ಕಡೆ! ಮೆಡಿಚಿಗೆ 2004ರಲ್ಲಿ ಶಿಕ್ಷೆಯಾಯಿತು. 2006ರಲ್ಲಿ ಮ್ಯೂಸಿಯಂ ಇಟಲಿಯ ಜೊತೆ ಒಪ್ಪಂದ ಮಾಡಿಕೊಂಡಿತು. 2008ರಲ್ಲಿ ಹೂಜಿ ಇಟಲಿಗೆ ಮರಳಿತು. ಈಗ ಚೆರ್ವೆಟೆರಿಯ ಮ್ಯೂಸಿಯಂನಲ್ಲೇ ಇದೆ.

ಇಷ್ಟೆಲ್ಲ ಆದ ಮೇಲೂ ಆ ಗೋರಿಯಲ್ಲಿ ಮಲಗಿದ್ದವರು ಯಾರು ಎಂಬುದು ಸಿಗಲಿಲ್ಲ. ಅಥೆನ್ಸಿನ ಅಷ್ಟು ದುಬಾರಿ ಹೂಜಿಯನ್ನು ತನ್ನ ಜೊತೆ ಇಡಿಸಿಕೊಂಡ ಎಟ್ರಸ್ಕನ್ ಗಂಡಸೋ ಹೆಂಗಸೋ, ಪಕ್ಕದಲ್ಲಿ ಇನ್ನೇನಿತ್ತು, ಹೂಜಿಗೆ ಆಗಲೇ ಎಷ್ಟು ವಯಸ್ಸಾಗಿತ್ತು, ಎಲ್ಲ ಕಳ್ಳರ ಹಾರೆಗೆ ಹೋಯಿತು. ಅಲ್ಲಿನ ಗೋರಿಗಳ್ಳರ ಕೈಯಲ್ಲಿ ಉದ್ದದ ಕಬ್ಬಿಣದ ಸರಳು ಇರುತ್ತದೆ. ಹೊಲದಲ್ಲಿ ನಡೆಯುತ್ತಾ ಅದನ್ನು ನೆಲಕ್ಕೆ ಚುಚ್ಚುತ್ತಾ ಹೋಗುತ್ತಾರೆ. ಸರಳು ತಟ್ಟನೆ ಒಳಗಿಳಿದರೆ ಕೆಳಗೆ ಟೊಳ್ಳು ಇದೆ ಅಂತ ಲೆಕ್ಕ. ನಮ್ಮ ನಿಧಿಗಳ್ಳರು ಚಿನ್ನದ ಆಸೆಗೆ ಅಗೆದು ಮಡಕೆ ಒಡೆದು ಎಸೆಯುತ್ತಾರೆ. ಇಟಲಿಯ ಕಳ್ಳರು ಮಡಕೆ ಇಟ್ಟುಕೊಂಡು ಮೂಳೆ ಎಸೆಯುತ್ತಾರೆ. ಗೋರಿಯ ಪಾಲಿಗೆ ಎರಡೂ ಒಂದೇ.

ಇದೆಲ್ಲ ಕೋಟ್ಯಧೀಶರ ಆಟ, ನಮಗೇನು ಅನ್ನಬೇಡಿ. ನ್ಯೂಯಾರ್ಕಿನ ಮೈಕೆಲ್ ಸ್ಟೈನ್‌ಹಾರ್ಟ್ ಎಂಬ ಶ್ರೀಮಂತರು 2021ರಲ್ಲಿ ಸುಮಾರು 7 ಕೋಟಿ ಡಾಲರ್ ಬೆಲೆಯ 180 ವಸ್ತುಗಳನ್ನು ಸರ್ಕಾರಕ್ಕೆ ಒಪ್ಪಿಸಿದ್ದು, ಇನ್ನು ಜೀವಮಾನದಲ್ಲಿ ಪ್ರಾಚೀನ ವಸ್ತು ಕೊಳ್ಳುವಂತಿಲ್ಲ ಎಂಬ ನಿರ್ಬಂಧಕ್ಕೆ ಒಪ್ಪಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಜಾಸ್ತಿ ಹಾನಿ ಆಗುತ್ತಿರುವುದು ಕಡಿಮೆ ಬೆಲೆಯ ಕಡೆ ಅಂತ ನನಗನ್ನಿಸುತ್ತದೆ. 2006ರಲ್ಲಿ ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಪಾಕಿಸ್ತಾನದಿಂದ ಬಂದ ಪಾರ್ಸೆಲ್ ಬಿಚ್ಚಿದರು. 17 ಮಣ್ಣಿನ ಮಡಕೆಗಳು. ನೂರು ವರ್ಷಕ್ಕಿಂತ ಹಳೆಯವು ಎಂದು ಅದಕ್ಕೆ ಹೆಸರು. ಪರೀಕ್ಷೆ ಮಾಡಿದರೆ ಬಲೂಚಿಸ್ತಾನದ ಗೋರಿಗಳಿಂದ ತೆಗೆದ, ನಾಲ್ಕು-ಐದು ಸಾವಿರ ವರ್ಷ ಹಿಂದಿನವು! ತನಿಖೆ ಮುಂದುವರಿದು ಒಟ್ಟು 445 ವಸ್ತುಗಳು ಸಿಕ್ಕವು. 2019ರಲ್ಲಿ ಫ್ರಾನ್ಸ್ ಅವನ್ನು ಪಾಕಿಸ್ತಾನಕ್ಕೆ ಒಪ್ಪಿಸಿತು. ಅಷ್ಟೂ ವಸ್ತುಗಳ ಬೆಲೆ ಸೇರಿ ಸುಮಾರು 1,39,000 ಯೂರೋ. ಭಾಗಿಸಿ ನೋಡಿ, ಒಂದಕ್ಕೆ ಮುನ್ನೂರು ಯೂರೋ ಚಿಲ್ಲರೆ. ಒಳ್ಳೆಯ ಫೋನಿಗಿಂತ ಅಗ್ಗ. ಸಿಂಧೂ ನಾಗರಿಕತೆಯ ಕಾಲದ ಗೋರಿ ಆ ದರಕ್ಕೆ ಹೋಗುತ್ತದೆ ಅಂದರೆ, ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ನಮ್ಮವರು ಡ್ರಾಯಿಂಗ್ ರೂಮಿನ ಶೆಲ್ಫಿಗೆ 'ಸಿಂಧೂ ಕಣಿವೆಯ ಮಡಕೆ' ಅಂತ ಆನ್‌ಲೈನ್ ಹರಾಜಿನಲ್ಲಿ ಒಂದು ಕೊಳ್ಳುವುದು ಏನೂ ಕಷ್ಟವಲ್ಲ. ನಮ್ಮದೇ ಪರಂಪರೆ, ನಮ್ಮ ಮನೆಯಲ್ಲಿರಲಿ ಅನ್ನೋ ಒಳ್ಳೆಯ ಮನಸ್ಸಿನಿಂದಲೇ ಕೊಳ್ಳುತ್ತಾರೆ.

ಒಂದು ಸೈಟು ಕೊಳ್ಳುವಾಗ ನಾವು ಖಾತಾ ಕೇಳುತ್ತೇವೆ, ಮೂವತ್ತು ವರ್ಷದ ಇಸಿ ತೆಗೆಸುತ್ತೇವೆ, ತಾಯಿಪತ್ರ ಸಿಗದಿದ್ದರೆ ಮುಂಗಡವನ್ನೇ ಕೊಡುವುದಿಲ್ಲ. ನಾಲ್ಕು ಸಾವಿರ ವರ್ಷದ ಮಡಕೆಗೆ ಮಾತ್ರ 'ಹಳೆಯ ಸ್ವಿಸ್ ಸಂಗ್ರಹದಿಂದ, 1970ಕ್ಕೆ ಮುಂಚಿನದು' ಎಂಬ ಒಂದೇ ಸಾಲು ಸಾಕಾಗಿಬಿಡುತ್ತದೆ, ಅಲ್ವಾ? ಆ 1970 ಸುಮ್ಮನೆ ಬಂದದ್ದಲ್ಲ. ಕದ್ದ ಸಾಂಸ್ಕೃತಿಕ ವಸ್ತುಗಳ ವ್ಯಾಪಾರ ತಡೆಯಲು ಯುನೆಸ್ಕೊ ಒಪ್ಪಂದ ಆದ ವರ್ಷ ಅದು. ಈಗ ಬಹುತೇಕ ದೊಡ್ಡ ಮ್ಯೂಸಿಯಂಗಳು ಆ ವರ್ಷವನ್ನೇ ಗೆರೆ ಅಂದುಕೊಂಡಿವೆ. ಗೆರೆ ಎಳೆದ ತಕ್ಷಣ ಎಲ್ಲರ ಮಡಕೆಯೂ ಗೆರೆಯ ಆಚೆಗೆ ಹೋಗಿ ಕೂತಿತು. ತೀರಿಹೋದ ಅಜ್ಜ, ಹೆಸರು ಹೇಳಲು ಇಷ್ಟಪಡದ ಸಂಗ್ರಾಹಕ, ಮುಚ್ಚಿಹೋದ ಅಂಗಡಿ. ಯಾರನ್ನೂ ಹೋಗಿ ಕೇಳುವಂತಿಲ್ಲ.

ಪ್ರಯೋಗಾಲಯದ ಸರ್ಟಿಫಿಕೇಟ್ ಇದೆಯಲ್ಲ ಎನ್ನುವವರಿದ್ದಾರೆ. ಸುಟ್ಟಮಣ್ಣಿನ ವಯಸ್ಸು ಅಳೆಯುವ ಒಂದು ಪರೀಕ್ಷೆ ಇದೆ, ಥರ್ಮೋಲುಮಿನಿಸೆನ್ಸ್ ಅಂತ. ಮಣ್ಣಿನ ಕಣಗಳು ಸುತ್ತಲಿನ ಸಹಜ ವಿಕಿರಣವನ್ನು ಹೀರಿ ಕೂಡಿಡುತ್ತವೆ. ಭಟ್ಟಿಯಲ್ಲಿ ಸುಟ್ಟಾಗ ಅದು ಸೊನ್ನೆಯಾಗುತ್ತದೆ, ಆಮೇಲೆ ಮತ್ತೆ ಕೂಡುತ್ತಾ ಹೋಗುತ್ತದೆ. ಚಿಟಿಕೆ ಪುಡಿ ತೆಗೆದು ಕಾಯಿಸಿದರೆ ಮಂಕು ಬೆಳಕು ಹೊರಡುತ್ತದೆ. ಬೆಳಕು ಜಾಸ್ತಿ ಇದ್ದರೆ ವಯಸ್ಸೂ ಜಾಸ್ತಿ. ಒಳ್ಳೆಯ ವಿಧಾನ. ಆದರೆ ಹಳೆಯ ಚೂರೊಂದಕ್ಕೆ ಹೊಸ ತಲೆ, ಹೊಸ ಕಾಲು ಅಂಟಿಸಿದ ಗೊಂಬೆಯಲ್ಲಿ ಪುಡಿ ಎಲ್ಲಿಂದ ತೆಗೆದರು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಅದಕ್ಕಿಂತ ಮುಖ್ಯ, ಮಡಕೆಯನ್ನು ಯಾವಾಗ ಸುಟ್ಟರು ಅಂತ ಆ ಪರೀಕ್ಷೆ ಹೇಳೀತೇ ಹೊರತು ಯಾವಾಗ ಅಗೆದರು ಅಂತ ಹೇಳುವುದಿಲ್ಲ. ಅಸಲಿ ಎಂದು ಸರ್ಟಿಫಿಕೇಟ್ ಇದ್ದು, ಎಲ್ಲಿಯದು ಎಂಬ ದಾಖಲೆ ಇಲ್ಲದಿದ್ದರೆ ಅನುಮಾನ ಹೆಚ್ಚಬೇಕು, ಕಡಿಮೆ ಆಗಬಾರದು.

ಬೇಡಿಕೆ ಎಷ್ಟು ಹಾಳು ಮಾಡಬಲ್ಲದು ಎಂಬುದಕ್ಕೆ ಗ್ರೀಸಿನ ಸಿಕ್ಲಾಡಿಸ್ ದ್ವೀಪಗಳ ಕಲ್ಲಿನ ಗೊಂಬೆಗಳು ಸಾಕ್ಷಿ. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯವು. ಬಿಳಿ ಅಮೃತಶಿಲೆ, ಕೈಕಟ್ಟಿ ನಿಂತ ಹೆಣ್ಣು, ಮುಖದಲ್ಲಿ ಮೂಗು ಮಾತ್ರ. ಇಪ್ಪತ್ತನೇ ಶತಮಾನದ ಆಧುನಿಕ ಶಿಲ್ಪಿಗಳು ಇವನ್ನು ಮೆಚ್ಚಿದರು, ಶ್ರೀಮಂತರು ಹಿಂದೆ ಬಿದ್ದರು, ದ್ವೀಪಗಳಲ್ಲಿ ಗೋರಿ ಅಗೆಯುವುದು ಕಸುಬಾಯಿತು. ಗಿಲ್ ಮತ್ತು ಚಿಪ್ಪಿಂಡೇಲ್ ಎಂಬ ಇಬ್ಬರು ಸಂಶೋಧಕರು 1993ರಲ್ಲಿ ಲೆಕ್ಕ ಹಾಕಿದರು. ಗೊತ್ತಿರುವ ಸುಮಾರು 1600 ಗೊಂಬೆಗಳಲ್ಲಿ ಹತ್ತಕ್ಕೆ ಒಂದರಷ್ಟು ಮಾತ್ರ ಸರಿಯಾದ ಉತ್ಖನನದಲ್ಲಿ ಸಿಕ್ಕಿದ್ದವು. ಎಲ್ಲ ಗೋರಿಯಲ್ಲೂ ಗೊಂಬೆ ಇರುವುದಿಲ್ಲವಾದ್ದರಿಂದ ಇಷ್ಟು ಗೊಂಬೆ ಸಿಗಬೇಕಾದರೆ ಹತ್ತು ಸಾವಿರಕ್ಕೂ ಹೆಚ್ಚು ಗೋರಿ ಹಾಳಾಗಿರಬೇಕು ಎಂದು ಅವರ ಅಂದಾಜು. ಇನ್ನೊಂದು ತಮಾಷೆ, ನಮಗೆ ಇಷ್ಟವಾದ ಆ ಬರೀ ಬಿಳುಪು ಮೂಲದಲ್ಲಿ ಇರಲಿಲ್ಲ. ಕಣ್ಣು, ಕೂದಲನ್ನು ಬಣ್ಣದಲ್ಲಿ ಬರೆದಿದ್ದರು. ಬಣ್ಣ ಮಾಸಿಹೋಗಿದೆ. ಕಳ್ಳರ ತೊಳೆತದಲ್ಲಿ ಉಳಿದಷ್ಟೂ ಹೋಗಿರಬಹುದು.

ಸಂಗ್ರಾಹಕರ ಕಡೆಯ ಮಾತನ್ನೂ ಕೇಳಬೇಕು. ನಾವು ಕೊಳ್ಳದಿದ್ದರೆ ಟ್ರಾಕ್ಟರ್ ಕೆಳಗೆ ಹೋಗುತ್ತಿತ್ತು ಅನ್ನುತ್ತಾರೆ. ಇದರಲ್ಲಿ ಸ್ವಲ್ಪ ನಿಜವಿದೆ. ದೊಡ್ಡ ಮ್ಯೂಸಿಯಂಗಳೆಲ್ಲ ಹುಟ್ಟಿದ್ದೇ ಸಂಗ್ರಾಹಕರಿಂದ. ನೇಪಲ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್ 1772ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ತನ್ನ ಹೂಜಿಗಳನ್ನು ಮಾರದಿದ್ದರೆ ಅಲ್ಲಿನ ಗ್ರೀಕ್ ವಿಭಾಗ ಹಾಗಿರುತ್ತಿರಲಿಲ್ಲ. ನಮ್ಮ ಬಳ್ಳಾರಿ, ರಾಯಚೂರು ಕಡೆಯೇ ಸುತ್ತಾಡಿದ ರಾಬರ್ಟ್ ಬ್ರೂಸ್ ಫೂಟ್ ಕೂಡ ಸಂಗ್ರಾಹಕನೇ. ಭೂವಿಜ್ಞಾನ ಇಲಾಖೆಯ ಕೆಲಸದ ನಡುವೆ ದಶಕಗಳ ಕಾಲ ಕಲ್ಲಿನ ಕೊಡಲಿ, ಮಡಕೆ ಚೂರು ಆಯ್ದ. ಕೊನೆಗೆ ಮದ್ರಾಸ್ ಮ್ಯೂಸಿಯಂಗೆ ಮಾರಿದ. ಆದರೆ ಫೂಟ್ ಒಂದೊಂದು ಚೂರೂ ಯಾವ ಊರಿನದು, ಯಾವ ಗುಡ್ಡದ್ದು ಅಂತ ಬರೆದಿಟ್ಟಿದ್ದ. ಅದಕ್ಕೇ ನೂರು ವರ್ಷದ ಮೇಲೂ ಸಂಶೋಧಕರು ಅವನ ಪಟ್ಟಿ ಹಿಡಿದು ಸಂಗನಕಲ್ಲಿಗೂ ಕಪ್ಪಗಲ್ಲಿಗೂ ಹೋಗುತ್ತಾರೆ.

ಎಲ್ಲಿಯದು ಎಂಬ ಒಂದು ಸಾಲು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯನ್ನೇ ನೋಡಬಹುದು. 1945ರಲ್ಲಿ ಮಾರ್ಟಿಮರ್ ವೀಲರ್ ಎಂಬ ಬ್ರಿಟಿಷ್ ಪುರಾತತ್ವಜ್ಞ ಪುದುಚೇರಿ ಪಕ್ಕದ ಅರಿಕಮೇಡು ಅಗೆಸಿದ. ಇಟಲಿಯ ಅರೆಜ್ಜೊ ಊರಿನ ಮಾದರಿಯ ಕೆಂಪು ಪಾತ್ರೆಗಳ ಚೂರು ಸಿಕ್ಕವು. ಅವು ಕ್ರಿ.ಶ. ಒಂದನೇ ಶತಮಾನದ ಶುರುವಿನವು ಅಂತ ಇಟಲಿಯ ಕಡೆಯಿಂದ ಮೊದಲೇ ಗೊತ್ತಿತ್ತು. ಅದೇ ನೆಲೆಯಲ್ಲಿ ಸಣ್ಣ ಗಾಲಿ ಉರುಳಿಸಿ ಒಳಗೆ ಚುಕ್ಕಿಸಾಲು ಮೂಡಿಸಿದ ಇನ್ನೊಂದು ಬಗೆಯ ತಟ್ಟೆಯ ಚೂರುಗಳೂ ಇದ್ದವು. 1947ರಲ್ಲಿ ವೀಲರ್ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಬಂದ. ಮೇಲಿನ ಪದರದಲ್ಲಿ ಅದೇ ಚುಕ್ಕಿಸಾಲಿನ ಚೂರು! ಅದರ ಕೆಳಗೆ ಬೃಹತ್ ಶಿಲಾಗೋರಿಯವರ ಪದರ, ಅದರ ಕೆಳಗೆ ಕಲ್ಲಿನ ಕೊಡಲಿಯವರದು. ಮೇಲಿನ ಪದರದ ಕಾಲ ಸಿಕ್ಕಿದ ಮೇಲೆ ಕೆಳಗಿನವುಗಳಿಗೂ ಲೆಕ್ಕ ಹಾಕಲು ದಾರಿಯಾಯಿತು. ವೀಲರ್ ಹೇಳಿದ ಕಾಲವನ್ನು ಆಮೇಲೆ ಕಾರ್ಬನ್ ಪರೀಕ್ಷೆ ಇನ್ನೂ ಹಿಂದಕ್ಕೆ ತಳ್ಳಿತು, ಅದು ಬೇರೆ ವಿಷಯ. ಆ ಚೂರು ಕುಂಟೆಬಿಲ್ಲೆ ಆಡಲು ಬಿಟ್ಟರೆ ಬೇರೆ ಯಾವುದಕ್ಕೂ ಬಾರದ್ದು. ಯಾವ ಹರಾಜಿನಲ್ಲೂ ಐವತ್ತು ರೂಪಾಯಿ ಹುಟ್ಟುವುದಿಲ್ಲ. ಯಾವ ಪದರದಲ್ಲಿ ಸಿಕ್ಕಿತು ಅಂತ ಬರೆದಿಟ್ಟದ್ದರಿಂದ ಅದು ಇಡೀ ದಕ್ಷಿಣ ಭಾರತದ ಕಾಲಗಣನೆಗೆ ಆಧಾರವಾಯಿತು.

ಇನ್ನು ಕಾನೂನು. ಭಾರತದ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮನೆಯಲ್ಲಿ ಹಳೆಯ ಶಿಲ್ಪ, ಸುಟ್ಟಮಣ್ಣಿನ ಗೊಂಬೆ ಇದ್ದರೆ ನೋಂದಣಿ ಮಾಡಿಸಬೇಕು. ಮಾರಾಟಗಾರನಿಗೆ ಲೈಸೆನ್ಸ್ ಬೇಕು. 2024ರ ಜುಲೈನಲ್ಲಿ ಅಮೆರಿಕದ ಜೊತೆ ಆದ ಒಪ್ಪಂದದಿಂದ ಅಲ್ಲಿನ ಕಸ್ಟಮ್ಸ್‌ಗೂ ತಡೆದು ವಾಪಸ್ ಕಳಿಸುವ ದಾರಿ ಸುಲಭವಾಗಿದೆ. ಇವೆಲ್ಲ ಹೊರಗೆ ಹೋಗುವ ಬಾಗಿಲಿನ ಬೀಗಗಳು. ಮಡಕೆ ನೆಲದಿಂದ ಏಳುವ ಕಡೆ ಏನಿದೆ?

1878ರ ನಿಧಿ ಕಾನೂನು ಇದೆ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು ಅನ್ನುತ್ತದೆ. ಸರ್ಕಾರ ಅದನ್ನು ತಾನೇ ಇಟ್ಟುಕೊಳ್ಳುವುದಾದರೆ, ಆ ವಸ್ತು ಯಾವುದರಿಂದ ಮಾಡಿದೆಯೋ ಅದರ ಬೆಲೆ, ಜೊತೆಗೆ ಆ ಬೆಲೆಯ ಐದನೇ ಒಂದು ಭಾಗ ಕೊಡಬೇಕು. ಚಿನ್ನದ ನಾಣ್ಯಕ್ಕೆ ಇದು ಸರಿ. ಮಡಕೆಗೆ? ಮಣ್ಣಿನ ಬೆಲೆ, ಅದರ ಮೇಲೆ ಐದನೇ ಒಂದು ಭಾಗದಷ್ಟು ಮಣ್ಣಿನ ಬೆಲೆ. ಕರ್ನಾಟಕಕ್ಕೆ ಇದೇ ವಿಷಯದ ತನ್ನದೇ ಕಾನೂನು 1962ರಿಂದ ಇದೆ. ಆದರೆ ಊರಲ್ಲಿ ಅದರ ಹೆಸರು ಕೇಳಿದವರು ಎಷ್ಟು ಮಂದಿ?

ಇಂಗ್ಲೆಂಡಿನಲ್ಲಿ 1997ರಿಂದ ಬೇರೆ ದಾರಿ ಹಿಡಿದಿದ್ದಾರೆ. ಹೊಲದಲ್ಲಿ ಏನಾದರೂ ಸಿಕ್ಕಿದವರು ಸ್ಥಳೀಯ ಅಧಿಕಾರಿಗೆ ತೋರಿಸುತ್ತಾರೆ. ಅವರು ಫೋಟೋ ತೆಗೆದು, ಸಿಕ್ಕಿದ ಜಾಗ ಬರೆದುಕೊಂಡು, ನಿಧಿ ಎಂದು ಲೆಕ್ಕಕ್ಕೆ ಬಾರದ ವಸ್ತುವನ್ನು ಅವರಿಗೇ ವಾಪಸ್ ಕೊಡುತ್ತಾರೆ. ಹೀಗೆ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳ ಜಾಗ ದಾಖಲಾಗಿದೆ. ಇದರಿಂದ ಲೋಹಶೋಧಕ ಹಿಡಿದು ಅಗೆಯುವವರಿಗೆ ಕುಮ್ಮಕ್ಕು ಸಿಗುತ್ತದೆ ಎಂಬ ಟೀಕೆಯೂ ಇದೆ, ಅದು ಸುಳ್ಳಲ್ಲ. ನಿಧಿಯ ಹುಚ್ಚು ಇರುವ ನಮ್ಮ ಕಡೆ ಅದನ್ನು ಹಾಗೇ ತರುವುದು ಅಪಾಯ. ಆದರೆ ಜಾಗ ಬರೆದುಕೊಳ್ಳುವ ಭಾಗವನ್ನಷ್ಟೇ ತರಬಹುದು. ಬೋರ್‌ವೆಲ್‌ಗೋ ಕೃಷಿಹೊಂಡಕ್ಕೋ ಅಗೆಯುವಾಗ ಮಡಕೆ ಎದ್ದರೆ ಫೋನಿನಲ್ಲಿ ಒಂದು ಫೋಟೋ, ಸರ್ವೆ ನಂಬರ್, ಎಷ್ಟು ಅಡಿ ಆಳ, ಇಷ್ಟು ಸಾಕು. ಪುರಾತತ್ವ ಇಲಾಖೆ ಒಂದು ವಾಟ್ಸಾಪ್ ನಂಬರ್ ಇಟ್ಟುಕೊಂಡರೂ ನಡೆಯುತ್ತದೆ.

ರೈತರು ಈಗ ಹೇಳದೆ ಮುಚ್ಚಿಹಾಕಲು ಕಾರಣ ದುಡ್ಡಿನ ಆಸೆಗಿಂತ ಜಮೀನಿನ ಭಯ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ ಎಂಬ ನಿಯಮ ಎಲ್ಲರಿಗೂ ಗೊತ್ತು. ಒಂದು ಮಡಕೆ ತೋರಿಸಿದರೆ ಹೊಲಕ್ಕೂ ಅದೇ ಗತಿ ಅಂದುಕೊಳ್ಳುತ್ತಾರೆ. ಆ ನಿಯಮ ಇರುವುದು ಸಂರಕ್ಷಿತ ಎಂದು ಘೋಷಣೆಯಾದ ಸ್ಮಾರಕಗಳಿಗೆ. ಹೊಲದಲ್ಲಿ ಮಡಕೆ ಸಿಕ್ಕ ಮಾತ್ರಕ್ಕೆ ಅದು ತಾನಾಗಿ ಜಾರಿಗೆ ಬರುವುದಿಲ್ಲ. ಇದನ್ನು ಸರಳ ಕನ್ನಡದಲ್ಲಿ ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವ ಕೆಲಸವನ್ನು ಇಲಾಖೆ ನಾಳೆಯೇ ಶುರು ಮಾಡಬಹುದು.